ಎಡಸೀಟಿನ ಕರಿಬಸವರಾಜರು

ಕರಿಬಸವರಾಜರ ಬಲಗಾಲಿಗೆ ಅವರ ಅಂಕೆಗೆ ಸಿಗದ, ಅವರಿಗೇ ತಿಳಿಯದ ಒಂದು ಸ್ವತಂತ್ರ ಬದುಕಿದೆ. ದೋಸೆ ಹೋಟೆಲಿನಲ್ಲಿ ನೆಮ್ಮದಿಯಾಗಿ ಕಾಫಿ ಹೀರುತ್ತಿರುವಾಗ, ಮುಂಗೈಯುದ್ದಕ್ಕೂ ತಟ್ಟೆಗಳನ್ನು ಪೇರಿಸಿಕೊಂಡ ಸಪ್ಲೈಯರ್ ಅಡುಗೆಮನೆಯ ಬಾಗಿಲಿನಿಂದ ರಭಸವಾಗಿ ತಿರುಗಿ ಬಂದನೆಂದರೆ ಸಾಕು, ಮೇಜಿನ ಕೆಳಗೆ ಆ ಕಾಲು ನೆಲವನ್ನು ಒತ್ತುತ್ತದೆ. ಮದುವೆಮನೆಯಲ್ಲಿ ಯಾರದೋ ಮಗು ಮೆಟ್ಟಿಲ ಕಡೆ ಓಡಿದರೆ ಒತ್ತುತ್ತದೆ. ಸೆಲೂನಿನಲ್ಲಿ ಕತ್ತಿ ಕಿವಿಯ ಹತ್ತಿರ ಬಂದರೆ ಒತ್ತುತ್ತದೆ. ಪುರಾಣ ಹೇಳುವ ಶಾಸ್ತ್ರಿಗಳು ರಥದ ಕುದುರೆಗಳು ಬೆದರಿದವು ಎಂದಾಗಲೂ ಒಮ್ಮೆ ಒತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲುಗುವುದಿಲ್ಲ. ಅವರ ಹೆಂಡತಿ ಹಂಪವ್ವನವರು ಇದನ್ನು ದೂರೆಂದು ಹೇಳುತ್ತಾರೋ ಹೆಮ್ಮೆಯೆಂದು ಹೇಳುತ್ತಾರೋ ತಿಳಿಯದ ಧ್ವನಿಯಲ್ಲಿ, “ನಿದ್ದಿಯಾಗೂ ಬ್ರೇಕ್ ಹಾಕ್ತಾರ್ರಿ, ಒಂದು ಚಾದರ ಉಳಿದಿಲ್ಲ ಮನಿಯಾಗ” ಎನ್ನುತ್ತಾರೆ.

ಮೂವತ್ತೆರಡು ವರ್ಷ ಅವರು ದಾವಣಗೆರೆಯ ಒಂದು ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಎಡಸೀಟಿನಲ್ಲಿ ಕುಳಿತು ಕಲಿಸಿದವರು. ಕಲಿಯುವವರ ಮುಂದೆ ಸ್ಟಿಯರಿಂಗ್, ಇವರ ಕಾಲಡಿಯಲ್ಲಿ ಎರಡನೆಯ ಬ್ರೇಕು. ಮಾಲೀಕರು ತೀರಿಕೊಂಡು ಆ ಸ್ಕೂಲು ಮುಚ್ಚಿದಾಗ ಊರಿನವರೆಲ್ಲ ಇವರಿನ್ನು ಮನೆ ಹಿಡಿದರೆಂದೇ ಎಣಿಸಿದರು. ಇವರೋ ಯಾರದೋ ಶೆಡ್ಡಿನಲ್ಲಿ ದೂಳು ತಿನ್ನುತ್ತ ನಿಂತಿದ್ದ ಹಳೆಯ ಬಿಳಿಯ ಪದ್ಮಿನಿ ಕಾರೊಂದನ್ನು ಕೊಂಡು, ಅದಕ್ಕೂ ಎಡಗಡೆ ಒಂದು ಪೆಡಲ್ ಕೂಡಿಸಿ, ಸರಸ್ವತಿ ನಗರದ ತಮ್ಮ ಮನೆಯ ಮುಂದೆ ನಿಲ್ಲಿಸಿಕೊಂಡರು. ಬೋರ್ಡು ಹಾಕಲಿಲ್ಲ. ಲೈಸೆನ್ಸ್ ಇದ್ದೂ ಗಾಡಿ ಓಡಿಸಲು ಧೈರ್ಯವಿಲ್ಲದವರು ಈ ಊರಿನಲ್ಲಿ ಎಷ್ಟು ಮಂದಿ ಇದ್ದಾರೆಂಬುದು ಅವರಿಗೆ ಗೊತ್ತಿತ್ತು. ಅಂಥವರು ಒಬ್ಬರ ಹಿಂದೊಬ್ಬರು ತಾವಾಗಿಯೇ ಹುಡುಕಿಕೊಂಡು ಬಂದರು. “ಇದ್ರಾಗ ಕೈ ಕುಂತ್ರ ಯಾವ ಗಾಡಿ ಕೊಟ್ರೂ ಓಡಿಸ್ತೀರಿ, ಆತಲ್ಲ?” ಎನ್ನುವುದೊಂದೇ ಅವರ ಜಾಹೀರಾತು.

ಆ “ಆತಲ್ಲ” ಅವರ ಪ್ರತಿ ವಾಕ್ಯದ ಕೊನೆಗೂ ಬಂದು ಕೂರುವ ಮಾತು. ಸಣಕಲು ದೇಹ, ಬೇಸಿಗೆಯಲ್ಲೂ ಬಿಡದ ತೋಳಿಲ್ಲದ ಬೂದು ಸ್ವೆಟರು, ಹೆಗಲ ಮೇಲೆ ಮಡಿಕೆ ಕೆಡದ ಬಿಳಿಯ ಟವೆಲು. ನಡಿಗೆಯಲ್ಲೂ ಅವರು ರಸ್ತೆಯ ನಿಯಮಗಳನ್ನು ಬಿಟ್ಟವರಲ್ಲ: ಎಡಬದಿಯಲ್ಲೇ ನಡೆಯುತ್ತಾರೆ, ಬಲಕ್ಕೆ ತಿರುಗುವ ಮುನ್ನ ಹಿಂದೆ ಒಮ್ಮೆ ನೋಡಿ ಬಲಗೈಯನ್ನು ಚಾಚುತ್ತಾರೆ, ಸಂತೆಯ ಗದ್ದಲದಲ್ಲಿ ಹೀಗೆ ಚಾಚಿದ ಕೈಗೆ ಒಮ್ಮೆ ಯಾರೋ ಕೊತ್ತಂಬರಿ ಸೊಪ್ಪಿನ ಕಟ್ಟು ಕೊಟ್ಟಿದ್ದರಂತೆ. ಹೆದರಬೇಡಿ ಎಂದು ಅವರು ಯಾರಿಗೂ ಹೇಳುವುದಿಲ್ಲ. ಮೊದಲ ದಿನ ನಾನು ಸ್ಟಿಯರಿಂಗನ್ನು ಎದೆಗವಚಿ ಹಿಡಿದದ್ದನ್ನು ನೋಡಿ ಅವರು ಹೇಳಿದ್ದು ಇಷ್ಟೇ: “ಹೆದರ್ರಿ ಮೇಡಮ್ಮ, ಹೆದರಬೇಕು. ಆದ್ರ ನಿಧಾನಕ್ಕ ಹೆದರ್ರಿ, ಆತಲ್ಲ?”

ನಾನು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ನಿಜಲಿಂಗಪ್ಪ ಬಡಾವಣೆಯ ನನ್ನ ಮನೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಮಡಿಕೆಯೊಳಗೆ, ಹತ್ತೊಂಬತ್ತು ವರ್ಷಗಳಿಂದ ಒಂದು ಲೈಸೆನ್ಸು ಬೆಚ್ಚಗೆ ಮಲಗಿತ್ತು. ಅದನ್ನು ಎಬ್ಬಿಸಿದವರು ಕರಿಬಸವರಾಜರು. ಎರಡು ತಿಂಗಳು ಬೆಳಗಿನ ಹೊತ್ತು ಬಡಾವಣೆಗಳ ನಿರ್ಜನ ಬೀದಿಗಳಲ್ಲಿ ಸುತ್ತಿಸಿ, ಮೂರನೆಯ ತಿಂಗಳ ಒಂದು ಭಾನುವಾರ, “ಇವತ್ತು ಹರಿಹರಕ್ಕ ಹೋಗಿ ಬರೋಣ, ಹಳೇ ರೋಡಿನಾಗ, ಆತಲ್ಲ?” ಎಂದರು. ಹರಿಹರ ಹದಿನಾಲ್ಕು ಕಿಲೋಮೀಟರು ದೂರ. ನನಗದು ದಿಗ್ವಿಜಯದ ದಾರಿಯಂತೆ ಕಂಡಿತು.

ಎರಡೂ ಕಡೆ ನಾಟಿ ಮುಗಿದ ಗದ್ದೆ, ಕಾಲುವೆಯ ನೀರಿನ ವಾಸನೆ, ಎಳೆಬಿಸಿಲು. ಹರಿಹರ ಇನ್ನು ಮೂರು ಕಿಲೋಮೀಟರು ಎನ್ನುವಲ್ಲಿ ರಸ್ತೆ ಸ್ವಲ್ಪ ಇಳಿಜಾರಾಗಿ ಬಾಗುತ್ತದೆ. ಆ ಬಾಗಿನಾಚೆ ಒಂದು ಕುರಿಹಿಂಡು ರಸ್ತೆಯ ಅಡ್ಡಗಲಕ್ಕೂ ತುಂಬಿಕೊಂಡು ಸಾಗುತ್ತಿತ್ತು. ನಾನು ಕಲಿತಂತೆ ಬ್ರೇಕ್ ಒತ್ತಿದೆ. ಪೆಡಲ್ ಮೊದಲು ಹಿಡಿಯಿತು, ಆಮೇಲೆ ಬೆಣ್ಣೆಯೊಳಗೆ ಚಾಕು ಇಳಿದಂತೆ ಮೆಲ್ಲಗೆ ಇಳಿಯುತ್ತ ನೆಲ ಮುಟ್ಟಿತು. ಗಾಡಿ ನಿಲ್ಲಲಿಲ್ಲ. ಎಡಗಡೆಯಿಂದ ಅವರ ಕಾಲೂ ತನ್ನ ಪೆಡಲನ್ನು ಒತ್ತಿತು. ಅದೂ ನೆಲ ಮುಟ್ಟಿತು. ಎರಡು ಪೆಡಲ್‌ಗಳಿದ್ದರೂ ಬ್ರೇಕ್ ಆಯಿಲನ್ನು ಚಕ್ರಗಳಿಗೆ ನೂಕುವ, ಅವೆರಡೂ ಹೋಗಿ ಸೇರುವ ಸಿಲಿಂಡರ್ ಒಂದೇ ಎಂಬುದು ನನಗೆ ಆಗ ತಿಳಿದಿರಲಿಲ್ಲ.

“ಕಾಲು ತೆಗದು ತೆಗದು ಒತ್ರಿ. ಬಿಡಬ್ಯಾಡ್ರಿ. ಹ್ಞಾಂ, ಇನ್ನೊಮ್ಮೆ” ಎಂದರು. ಕಾಫಿಗೆ ಸಕ್ಕರೆ ಸಾಕೇ ಎಂದು ಕೇಳುವಷ್ಟೇ ಮೆತ್ತಗಿನ ದನಿ. ಅಷ್ಟರಲ್ಲಿ, ನಾನು ಕ್ಲಚ್ ಒತ್ತುತ್ತಿದ್ದಂತೆ, ಅವರ ಕೈ ಗೇರನ್ನು ಮೂರಕ್ಕೆ, ಎರಡಕ್ಕೆ ಇಳಿಸಿತು, ಎಂಜಿನ್ ನರಳಿತು, ಇನ್ನೊಂದು ಕೈ ಡ್ಯಾಶ್‌ಬೋರ್ಡಿನ ಕೆಳಗಿನ ಹ್ಯಾಂಡ್‌ಬ್ರೇಕನ್ನು ಹಂತಹಂತವಾಗಿ ಎಳೆಯಿತು. ಕೊನೆಯ ಕುರಿಯ ಬಾಲಕ್ಕೂ ನಮ್ಮ ಬಂಪರಿಗೂ ನಡುವೆ ಎರಡು ಮಾರು ಜಾಗ ಉಳಿದಿತ್ತು. ಹಿಂಡು ಕಾಯುತ್ತಿದ್ದ ಹೆಂಗಸು ತಿರುಗಿ ನೋಡಿ, “ಹಾರ್ನಾದ್ರೂ ಹೊಡೀಬಾರ್ದೇನವ್ವಾ, ಮದಿವಿ ದಿಬ್ಬಣ ಬಂದಂಗ ಸದ್ದಿಲ್ದ ಬರ್ತೀರಲ್ಲ!” ಎಂದು ಗದರಿ ಮುಂದೆ ಹೋದಳು. ಸದ್ದಿಲ್ಲದೆ ಬರುವ ದಿಬ್ಬಣವನ್ನು ಅವಳು ಎಲ್ಲಿ ಕಂಡಿದ್ದಳೋ ಎಂದು ನನಗೆ ನಗು ಬಂತು.

ಕರಿಬಸವರಾಜರು ಇಳಿದು ಹೋಗಿ ಕಿಲೋಮೀಟರು ಕಲ್ಲಿನ ಮೇಲೆ ಕುಳಿತರು. ನನಗೆ ನೀರಿನ ಬಾಟಲಿ ಕೊಟ್ಟರು, ತಾವು ಕುಡಿಯಲಿಲ್ಲ. “ಮೇಡಮ್ಮ, ಇದು ಇವತ್ತಿನದಲ್ಲ” ಎಂದರು. ಅಂದು ಅವರ ಬಾಯಿಂದ “ಆತಲ್ಲ” ಬರಲಿಲ್ಲವೆಂಬುದನ್ನು ಆಮೇಲೆ ನಾನು ನೆನೆಸಿಕೊಂಡೆ. “ಎಂಟು ದಿನದ ಹಿಂದ ಸಿಗ್ನಲ್‌ನಾಗ ನಿಂತಾಗ ಪೆಡಲ್ ಸ್ವಲ್ಪ ಇಳೀತು. ಕೆಳಗ ಬಗ್ಗಿ ನೋಡಿದೆ, ಒಂದು ಹನಿ ಸೋರಿದ್ದಿಲ್ಲ. ಡಬ್ಬಿಯಾಗ ಬ್ರೇಕ್ ಆಯಿಲ್ ಇದ್ದಷ್ಟೇ ಇತ್ತು. ಹನಿ ಇಲ್ಲ ಅಂದ್ರ ಸಿಲಿಂಡರಿನ ಒಳಗ ರಬ್ಬರ್ ಸವದೈತೆ ಅಂತ ಅರ್ಥ. ನನಗ ಗೊತ್ತಿತ್ತು. ಏಳು ಜನ ಕಲಿಯೋರಿದ್ರು, ಎಲ್ಲಾರಿಗೂ ಹೊತ್ತು ಕೊಟ್ಟಿದ್ದೆ. ನಾಳೆ ಮಾಡಿಸೋಣ, ನಾಳೆ ಮಾಡಿಸೋಣ ಅಂದೆ. ನನ್ನ ಗಾಡಿ ಯಾವತ್ತೂ ಕೈ ಕೊಟ್ಟಿಲ್ಲ ಅಂತ ಒಂದು ಸೊಕ್ಕೂ ಇತ್ತು.”

ನಾನು ಸಮಾಧಾನದ ಮಾತೇನೋ ಹೇಳಹೊರಟೆ. ಅವರು ಎದ್ದುನಿಂತು, “ನೀವು ಆಟೋ ಹಿಡಿದು ಬರ್ರಿ. ಇನ್ನ ಈ ಗಾಡಿಯಾಗ ಯಾರನ್ನೂ ಕೂಡಿಸಂಗಿಲ್ಲ” ಎಂದರು. ಆಮೇಲಿನ ಮೂರು ಕಿಲೋಮೀಟರನ್ನು ಪದ್ಮಿನಿ ಮೊದಲನೆಯ ಗೇರಿನಲ್ಲಿ, ರಸ್ತೆಯಂಚಿನ ಮಣ್ಣಿನಲ್ಲಿ, ಆಳು ನಡೆಯುವ ವೇಗದಲ್ಲಿ ಕ್ರಮಿಸಿತು. ಅದರ ಹಿಂದೆ ನಾನು ಕುಳಿತ ಆಟೋ. ಆಟೋದವನು ತಾಳ್ಮೆಗೆಟ್ಟು, “ಯಾವ ದೇವ್ರ ಮೆರವಣಿಗಿ ಅಮ್ಮಾರೆ ಇದು?” ಎಂದು ಕೇಳಿದ.

ಹರಿಹರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮುಜಾಹಿದ್‌ನ ವರ್ಕ್‌ಶಾಪು. ನಲವತ್ತರ ಆಸುಪಾಸಿನ, ಗಟ್ಟಿ ಮೈಕಟ್ಟಿನ, ಕಡಿಮೆ ಮಾತಿನ ಮನುಷ್ಯ. ತಂದೆಯ ಕಾಲದಿಂದ ಹಳೆಯ ಗಾಡಿಗಳನ್ನೇ ನಂಬಿದವನು. ಪೆಡಲನ್ನು ಒಮ್ಮೆ ಒತ್ತಿ ಹಿಡಿದು, ಅದು ಇಳಿಯುವುದನ್ನು ಕಾಲಿನಲ್ಲೇ ಕೇಳಿಸಿಕೊಂಡು ತಲೆಯಾಡಿಸಿದ. ಡಬ್ಬಿಯಲ್ಲಿದ್ದ ಆಯಿಲ್ ತೆಗೆದು, ಪೈಪು ಕಳಚಿ, ಎರಡು ಬೋಲ್ಟು ಬಿಚ್ಚಿ ಮಾಸ್ಟರ್ ಸಿಲಿಂಡರನ್ನು ಹೊರತೆಗೆಯುವಾಗ ಕರಿಬಸವರಾಜರು ತಮ್ಮ ಆ ಬಿಳಿಯ ಟವೆಲನ್ನು ಬಾನೆಟ್ಟಿನಂಚಿಗೆ ಹಾಸಿದರು. ಬ್ರೇಕ್ ಆಯಿಲ್ ಬಿದ್ದಲ್ಲಿ ಬಣ್ಣ ಸುಲಿದುಹೋಗುತ್ತದಂತೆ. ಹೊರಬಂದ ವಸ್ತು ನನ್ನ ಅಂಗೈಯುದ್ದದ ಒಂದು ಕಬ್ಬಿಣದ ತುಂಡು. ಇಷ್ಟರ ಮೇಲೆ ಇಷ್ಟು ಜನರ ಪ್ರಾಣ ನಿಂತಿತ್ತೇ ಎಂದು ಅದನ್ನೇ ನೋಡುತ್ತ ನಿಂತೆ.

“ಕಿಟ್ ಹಾಕಿಬಿಡ್ತೀನಿ ಅಣ್ಣಾರೆ, ಒಳಗಿನ ರಬ್ಬರ್ ಬದಲಿ ಮಾಡಿದ್ರ ನಡೀತೈತೆ. ಹೊಸಾ ಸಿಲಿಂಡರ್ ಈ ಗಾಡಿಗೆ ಎಲ್ಲಿಂದ ತರೋದು?” ಎಂದ ಮುಜಾಹಿದ್.

ಕರಿಬಸವರಾಜರು ಸಿಲಿಂಡರನ್ನು ಒರೆಸಿ, ಬೆಳಕಿಗೆ ಹಿಡಿದು ಒಳಗೆ ನೋಡಿದರು. ಆಮೇಲೆ ಕಿರುಬೆರಳನ್ನು ತೂರಿಸಿ, ಕಣ್ಣು ಮುಚ್ಚಿ, ಮೆಲ್ಲಗೆ ತಿರುಗಿಸಿದರು. ಎಲ್ಲೋ ಒಂದು ಕಡೆ ಉಗುರು ತಡೆಯಿತು.

“ಗೀರು ಬಿದ್ದೈತೆ ನೋಡು. ಹೊಸಾ ರಬ್ಬರನ್ನೂ ಈ ಗೀರು ತಿಂದು ಹಾಕ್ತೈತೆ. ಆರು ತಿಂಗಳಿಗೆ ಮತ್ತ ಇದೇ ಹಾಡು.”

“ಆರು ತಿಂಗಳು ನಡೀತೈತಲ್ಲ ಅಣ್ಣಾರೆ?”

“ಅಷ್ಟ್ರಾಗ ಯಾರ ಸರದಿ ಬರ್ತೈತೆ ಅಂತ ನಿನಗ ಗೊತ್ತೇನು? ಹೊಸಾದು ಸಿಗೋಗಂಟ ಗಾಡಿ ಇಲ್ಲೇ ಇರ್ಲಿ. ನಾವು ಬಸ್ಸಿಗೆ ಹೋಕ್ಕೀವಿ.”

ಮುಜಾಹಿದ್ ಕೈ ಒರೆಸಿಕೊಂಡ. ಆಮೇಲೆ ಏಣಿ ಇಟ್ಟು ಅಟ್ಟ ಹತ್ತಿದ. ಮೇಲಿನಿಂದ ತಗಡು ಎಳೆಯುವ ಸದ್ದು, ಸೀನು, ಮತ್ತೆ ತಗಡಿನ ಸದ್ದು. ಅರ್ಧ ತಾಸಿನ ಮೇಲೆ ಜೇಡರಬಲೆಯನ್ನು ತಲೆಗೆ ಸುತ್ತಿಕೊಂಡು ಇಳಿದುಬಂದ ಅವನ ಕೈಯಲ್ಲಿ ಎಣ್ಣೆಕಾಗದದ ಒಂದು ಪೊಟ್ಟಣವಿತ್ತು. “ಅಬ್ಬಾ ತಂದಿಟ್ಟಿದ್ದು. ಅಷ್ಟೂ ಖರ್ಚಾಗಿ ಇದೊಂದೇ ಉಳಿದಿತ್ತು” ಎಂದ. ಬಿಚ್ಚಿದರೆ, ಯಾರ ಕೈಯೂ ತಾಗದ ಹೊಸ ಸಿಲಿಂಡರು. ಅದಕ್ಕೂ ಕರಿಬಸವರಾಜರು ಕಿರುಬೆರಳು ಹಾಕಿ ನೋಡಿದರು. ಒಳಗಿನ ರಬ್ಬರುಗಳು ಇಷ್ಟು ವರ್ಷ ಕೂತು ಒಣಗಿರುತ್ತವೆಂದು ಅವನ್ನು ತೆಗೆಸಿ ಹೊಸ ಕಿಟ್ಟಿನವನ್ನು ಹಾಕಿಸಿದರು. ಆಮೇಲೆ ಮೊದಲ ಬಾರಿಗೆ ನೀರು ಕೇಳಿ ಕುಡಿದರು.

ಮುಂದಿನ ಎರಡು ತಾಸುಗಳು ನನ್ನ ನಿವೃತ್ತ ಜೀವನದ ಅತ್ಯಂತ ಸುಖದ ಹೊತ್ತುಗಳಲ್ಲಿ ಸೇರುತ್ತವೆಂದರೆ ನನ್ನ ಗೆಳತಿಯರು ನಂಬುವುದಿಲ್ಲ. ಸಿಲಿಂಡರನ್ನು ಮೊದಲು ಮೇಜಿನ ಮೇಲಿನ ಇಕ್ಕಳದಲ್ಲೇ ಬಿಗಿದು, ಆಯಿಲ್ ತುಂಬಿ, ಗುಳ್ಳೆ ಬರುವುದು ನಿಲ್ಲುವವರೆಗೆ ಸ್ಕ್ರೂಡ್ರೈವರಿನಿಂದ ಒತ್ತಿ ಒತ್ತಿ ಬಿಟ್ಟರು. ಗಾಡಿಗೆ ಕೂಡಿಸಿ ಬೋಲ್ಟು ಬಿಗಿದ ಮೇಲೆ, ಒತ್ತಿದ ಕೂಡಲೇ ಪೆಡಲಿನಲ್ಲಿ ಒಂದು ಜೋಳದ ಕಾಳಿನಷ್ಟು ಸಡಿಲ ಇರುವಂತೆ ಅದರ ಸರಳನ್ನು ಹೊಂದಿಸಿದರು. ಇನ್ನು ಪೈಪುಗಳೊಳಗೆ ಸೇರಿಕೊಂಡ ಗಾಳಿಯನ್ನು ತೆಗೆಯಬೇಕು. ಗಾಳಿ ಉಳಿದರೆ ಬ್ರೇಕು ಸ್ಪಂಜಿನಂತಾಗುತ್ತದೆ. ಅದಕ್ಕೆ ಒಳಗೊಂದು ಕಾಲು ಬೇಕು. “ಮೇಡಮ್ಮ, ಕೂಡ್ರಿ” ಎಂದರು.

ನಾನು ಸ್ಟಿಯರಿಂಗಿನ ಮುಂದೆ ಕುಳಿತೆ. ಅವರು ಎಲ್ಲಕ್ಕಿಂತ ದೂರದ ಚಕ್ರ, ಎಡಗಡೆಯ ಹಿಂದಿನದು, ಅದರ ಹತ್ತಿರ ನೆಲದ ಮೇಲೆ ಮಲಗಿ, ಗಾಳಿ ಬಿಡುವ ನಿಪ್ಪಲಿಗೆ ಸಣ್ಣ ಪೈಪೊಂದನ್ನು ಸಿಕ್ಕಿಸಿ ಅದರ ತುದಿಯನ್ನು ಆಯಿಲ್ ತುಂಬಿದ ಗಾಜಿನ ಲೋಟದಲ್ಲಿ ಮುಳುಗಿಸಿದರು. ಕಾರಿನಡಿಯಿಂದ ಆ ದನಿ ಬರುತ್ತಿತ್ತು: “ಒತ್ರಿ... ಹಿಡೀರಿ... ನಾನು ಹೇಳೋಗಂಟ ಬಿಡಬ್ಯಾಡ್ರಿ... ಹ್ಞಾಂ, ಬಿಡ್ರಿ.” ನನ್ನ ಕಾಲಡಿಯಲ್ಲಿ ಪೆಡಲ್ ಇಳಿಯುತ್ತಿತ್ತು, ಏರುತ್ತಿತ್ತು, ಮುಜಾಹಿದ್ ಮೇಲಿನಿಂದ ಆಯಿಲ್ ಸುರಿಯುತ್ತಿದ್ದ. ಗುಳ್ಳೆಗಳು ನಿಂತಾಗ ಮುಂದಿನ ಚಕ್ರ. ನಾಲ್ಕನೆಯ ಚಕ್ರಕ್ಕೆ ಬರುವಷ್ಟರಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು. ನನ್ನೊಂದು ಒತ್ತುವಿಕೆ ಹೋಗಿ ನಾಲ್ಕು ಚಕ್ರಗಳನ್ನು ಹಿಡಿಯುವ ದಾರಿಯನ್ನು ನಾನು ಕಾಲಿನಿಂದ ತಿಳಿದುಕೊಂಡಿದ್ದೆ. ಇಷ್ಟು ವರ್ಷ ಛಂದಸ್ಸು ಕಲಿಸುವಾಗ ಮಾತ್ರೆಗಳನ್ನು ಮಕ್ಕಳ ಬೆರಳಿನ ಮೇಲೆ ಎಣಿಸಿ ತೋರಿಸುತ್ತಿದ್ದೆನಲ್ಲ, ಅಂಥದೇ ಅರಿವು ಇದು.

ಕೊನೆಗೆ ಅವರೇ ಬಂದು ಕುಳಿತು, ಪೆಡಲನ್ನು ಒತ್ತಿ ಹಿಡಿದು, ಬಾಯಿಬಿಟ್ಟು ನೂರರವರೆಗೆ ಎಣಿಸಿದರು. ಇಳಿಯಲಿಲ್ಲ. ಊರ ಹೊರಗಿನ ಖಾಲಿ ಬಯಲಿನಲ್ಲಿ ಒಬ್ಬರೇ ಹತ್ತು ಸುತ್ತು ಹೊಡೆದು, ಹತ್ತು ಬಾರಿ ಗಕ್ಕನೆ ನಿಲ್ಲಿಸಿ, ಆಮೇಲೆಯೇ ನನ್ನನ್ನು ಹತ್ತಿಸಿಕೊಂಡರು. ದಾವಣಗೆರೆ ಕಣ್ಣಿಗೆ ಬಿದ್ದಾಗ ಹೇಳಿದರು: “ಉಳಿದ ಆರು ಮನಿಗೂ ಹೋಗಬೇಕು ಮೇಡಮ್ಮ. ಎಂಟು ದಿನ ಆ ಗಾಡಿಯಾಗ ಕುಂತೋರು. ಹೇಳಬೇಕಲ್ಲ.”

“ಏನೂ ಆಗಿಲ್ಲವಲ್ಲ, ಯಾಕೆ ಹೇಳಬೇಕು?” ಎಂದೆ.

“ನಿಮಗ ಗೊತ್ತಾತು. ಅವ್ರಿಗೆ ಗೊತ್ತಾಗ್ಲಿಲ್ಲ. ಇದು ಸರೀನಾ?”

ಅವರ ಜೊತೆ ನಾನೂ ಹೋದೆ. ನಡುವೆ ಬಾಯಿ ಹಾಕುವುದಿಲ್ಲವೆಂದು ಮಾತು ಕೊಟ್ಟ ಮೇಲೆ. ಎರಡು ಸಂಜೆ, ಆರು ಮನೆ. ಎಂ.ಸಿ.ಸಿ. ಬಡಾವಣೆಯ ಎ ಬ್ಲಾಕಿನ ರವಿಚಂದ್ರ ಎಂಬ ಬ್ಯಾಂಕಿನ ನೌಕರರು ಮಾತು ಮುಗಿಯುವ ಮುನ್ನವೇ, “ಅಯ್ಯೋ ಬಿಡ್ರಿ ಸಾರ್, ಏನೂ ಆಗಿಲ್ವಲ್ಲ” ಎಂದು ನಕ್ಕು ಟೀವಿಯ ಕಡೆ ತಿರುಗಿದರು. ಆ ನಗು ಕರಿಬಸವರಾಜರಿಗೆ ಹಿತವಾಗಲಿಲ್ಲ. ಪೂರ್ತಿ ಕೇಳಿಸಿಕೊಳ್ಳುವವರೆಗೂ ಅವರು ಹೊಸ್ತಿಲು ಬಿಟ್ಟು ಕದಲಲಿಲ್ಲ. ಮತ್ತಿಬ್ಬರು ಮುಂದಿನ ವಾರ ಬರುವುದಿಲ್ಲವೆಂದು ಸಭ್ಯವಾಗಿ ತಿಳಿಸಿದರು. ಇನ್ನೊಬ್ಬರು ಮನೆಯಲ್ಲಿರಲಿಲ್ಲ, ಅವರಿಗಾಗಿ ಗೇಟಿನ ಬಳಿ ಮುಕ್ಕಾಲು ತಾಸು ಕಾದು, ಬಂದ ಮೇಲೆ ಹೇಳಿಯೇ ಹೊರಟೆವು.

ಬ್ಲೌಸು ಹೊಲಿಯುವ ಖತೀಜಾಬೀ, ಗಂಡನ ಕಣ್ಣು ಮಂದವಾದ ಮೇಲೆ ಮನೆಯ ಗಾಡಿ ತಾನೇ ಓಡಿಸಬೇಕೆಂದು ಕಲಿಯಲು ಬಂದವರು. ಎಲ್ಲವನ್ನೂ ಕೇಳಿ, ಮಿಷಿನ್ನಿನ ಚಕ್ರವನ್ನು ಅಂಗೈಯಿಂದ ನಿಲ್ಲಿಸಿ, “ನಾನು ಬಟ್ಟಿ ತಪ್ಪಾಗಿ ಕತ್ತರಿಸಿದ್ರ ಗಿರಾಕಿಗೆ ಗೊತ್ತಾಗೋಗಂಟ ಸುಮ್ನಿರ್ತೀನಿ ಭಾಯ್. ನೀವು ಹುಡಿಕ್ಕೊಂಡು ಬಂದು ಹೇಳ್ತೀರಲ್ಲ!” ಎಂದರು. ನೂಲು ಕತ್ತರಿಸುತ್ತ, “ಹಂಗಾದ್ರ ನಾನೂ ಒಂದು ಹೇಳಿಬಿಡ್ತೀನಿ. ಎದುರಿಗೆ ಲಾರಿ ಬಂದ್ರ ನಾನು ಕಣ್ಣು ಮುಚ್ಕೊಂತೀನಿ.” ಕರಿಬಸವರಾಜರ ಬಲಗಾಲು ಆ ಮನೆಯ ನೆಲವನ್ನು ಬಲವಾಗಿ ಒತ್ತಿತು.

ಕೊನೆಯ ಮನೆ ಬಿ ಬ್ಲಾಕಿನ ಸುಧಾ ಅವರದು. ಶಾಲೆಯೊಂದರಲ್ಲಿ ಗಣಿತ ಕಲಿಸುವ ಹೆಣ್ಣುಮಗಳು. ಅವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

“ಗೊತ್ತಿದ್ದೂ ಕೂಡಿಸಿದ್ರಾ?”

“ಗೊತ್ತಿದ್ದೂ ಕೂಡಿಸಿದೆ ತಾಯಿ.”

“ಗುರುವಾರ ನನ್ನ ಮಗಳು ಹಿಂದಿನ ಸೀಟಿನಾಗಿದ್ಲು.”

“ಇದ್ಲು. ಜಡಿಗೆ ಹಳದಿ ರಿಬ್ಬನ್ ಕಟ್ಟಿದ್ರಿ.”

ಸುಧಾ ಅವರು ಬಾಗಿಲ ಹಿಡಿಕೆಗೆ ಕೈ ಹಾಕಿದರು. “ನಿಮ್ಮನ್ನ ನಂಬಿ ಬಂದಿದ್ವಿ” ಎಂದರು. ಬಾಗಿಲು ಮುಚ್ಚಿತು, ಸದ್ದಿಲ್ಲದೆ. ಹಿಂದಿರುಗುವಾಗ ನಾನು ತಡೆಯಲಾರದೆ, ಅವರು ಅಷ್ಟು ಕಠಿಣವಾಗಿ ಆಡಬಾರದಿತ್ತು ಎಂದೆ. “ಇಲ್ಲ ಮೇಡಮ್ಮ, ಆಕಿ ಅಂದದ್ದು ಸರಿ ಐತೆ” ಎಂದರು. “ಏನೂ ಅನ್ನದೆ ನಕ್ಕು ಕಳಿಸಿದ್ರಲ್ಲ, ಅವ್ರೇ ನನಗ ಭಾರ ಆದ್ರು.”

ಹದಿನೈದು ದಿನ ಅವರು ಯಾರಿಗೂ ಕಲಿಸಲಿಲ್ಲ. ದಿನವೂ ಬೆಳಿಗ್ಗೆ ಒಬ್ಬರೇ ಗಾಡಿ ಹೊರಡಿಸಿ, ನಿಲ್ಲಿಸಿ, ಒತ್ತಿ, ಎಣಿಸಿ ಬರುತ್ತಿದ್ದರು. ಮತ್ತೆ ಪಾಠ ಶುರುವಾದಾಗ ಹೊಸದೊಂದು ಪದ್ಧತಿ ಬಂದಿತ್ತು: ಹತ್ತಿದವರು ಮೊದಲು ಬ್ರೇಕ್ ಒತ್ತಿ ಹಿಡಿದು ನೂರು ಎಣಿಸಬೇಕು, ಪೆಡಲ್ ಕೂದಲೆಳೆಯಷ್ಟು ಇಳಿದರೂ ಆ ದಿನ ಗಾಡಿ ಹೊರಡುವುದಿಲ್ಲ. ಖತೀಜಾಬೀ ಉರ್ದುವಿನಲ್ಲಿ ಎಣಿಸುತ್ತಿದ್ದರು, ಲಾರಿ ಎದುರಾದರೆ ಕಣ್ಣು ಬಿಟ್ಟಿರುವುದನ್ನೂ ಕಲಿತರು. ಬರುವುದಿಲ್ಲವೆಂದವರಲ್ಲಿ ಒಬ್ಬರು ಹಿಂದಿರುಗಿದರು, ಒಬ್ಬರು ಇಲ್ಲ.

ಒಂದು ದಿನ ಬೆಳಿಗ್ಗೆ ನನ್ನ ಪಾಠ ಮುಗಿದು ನಾವು ಅವರ ಮನೆಯ ಮುಂದೆ ಇಳಿಯುತ್ತಿದ್ದಾಗ ಸುಧಾ ಸ್ಕೂಟರಿನಲ್ಲಿ ಬಂದು ನಿಂತರು. ನಮಸ್ಕಾರವಿಲ್ಲ, ನಗುವಿಲ್ಲ. “ಕೀ ಕೊಡ್ರಿ” ಎಂದರು. ಕರಿಬಸವರಾಜರು ಕೊಟ್ಟು ಪಕ್ಕಕ್ಕೆ ಸರಿದು ನಿಂತರು. ಆಕೆ ಸ್ಟಿಯರಿಂಗಿನ ಮುಂದೆ ಕುಳಿತು, ಎಂಜಿನ್ ಚಾಲೂ ಮಾಡದೆ, ಬ್ರೇಕ್ ಒತ್ತಿ ಹಿಡಿದು ಎಣಿಸತೊಡಗಿದರು; ಹೊಸ ಪದ್ಧತಿಯ ಸುದ್ದಿ ಆಕೆಗೂ ತಲುಪಿರಬೇಕು. ನೂರು ದಾಟಿತು. ಇನ್ನೂರು ದಾಟಿತು. ಒಳಗಿನಿಂದ ಹಂಪವ್ವನವರು ಚಹದ ತಟ್ಟೆ ಹಿಡಿದು ಬಂದವರು ಹೊಸ್ತಿಲಲ್ಲೇ ನಿಂತರು. ಎಷ್ಟೋ ಹೊತ್ತಿನ ಮೇಲೆ ಆಕೆ ಕಾಲು ತೆಗೆದು ಇಳಿದರು. “ನಾಳೆ ಆರೂವರೆಗೆ ಬರ್ತೀನಿ. ಮಗಳನ್ನ ಕರ್ಕೊಂಡು ಬರಲ್ಲ” ಎಂದರು. “ಬ್ಯಾಡ್ರಿ ತಾಯಿ, ಕರ್ಕೊಂಡು ಬರಬ್ಯಾಡ್ರಿ” ಎಂದರು ಕರಿಬಸವರಾಜರು. ಚಹ ಮಾತ್ರ ಆಕೆ ಕುಡಿದು ಹೋದರು.

ಈಗ ನಾನು ಹರಿಹರಕ್ಕೂ ಆಚೆಗೂ ಒಬ್ಬಳೇ ಗಾಡಿ ಓಡಿಸಿಕೊಂಡು ಹೋಗುತ್ತೇನೆ. ಸೇತುವೆಯ ಮೇಲೆ ಹೊಳೆಯ ಗಾಳಿ ಮುಖಕ್ಕೆ ತಾಗುವಾಗ ಒಮ್ಮೊಮ್ಮೆ ಯೋಚಿಸುತ್ತೇನೆ, ಇನ್ನೊಬ್ಬರ ಜೀವವನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುವವರು ನಮ್ಮ ಸುತ್ತ ಎಷ್ಟೊಂದು ಮಂದಿ: ಮಾತ್ರೆ ಎಣಿಸಿ ಕೊಡುವವರು, ಹೆರಿಗೆ ಮಾಡಿಸುವವರು, ಕರೆಂಟು ಕಂಬ ಹತ್ತುವವರು, ಬಸ್ಸು ಓಡಿಸುವವರು. ಇವರು ಎಂದೂ ತಪ್ಪಬಾರದು ಎಂದು ನಾವು ಬಯಸುತ್ತೇವೆ. ಅದು ನ್ಯಾಯವಾದ ಬಯಕೆ, ನಡೆಯದ ಬಯಕೆ. ತಪ್ಪಿದವರಲ್ಲಿ ಬಹುಪಾಲು ಮಂದಿ, ಯಾರೂ ನೋಡಲಿಲ್ಲವೆಂಬ ನೆರಳಿನಲ್ಲಿ ಉಳಿದ ಆಯುಷ್ಯವನ್ನು ಕಳೆದುಬಿಡುತ್ತಾರೆ, ಮತ್ತು ಆ ನೆರಳು ಅವರಿಗೆ ತಂಪಾಗಿಯೂ ಇರುತ್ತದೆ. ಎಲ್ಲೋ ಕೆಲವರು ಮಾತ್ರ, ಯಾರೂ ಕೇಳದಿದ್ದರೂ ಎದ್ದು ಹೋಗಿ, ಬಾಗಿಲು ತಟ್ಟಿ, ತಮ್ಮ ಬಾಯಿಂದಲೇ ಹೇಳುತ್ತಾರೆ. ಹೇಳಿದ್ದರಿಂದ ತಾವು ದೊಡ್ಡವರಾದೆವೆಂದು ಅವರು ಭಾವಿಸುವುದಿಲ್ಲ. ಎಂಟು ದಿನ ತಡವಾಯಿತಲ್ಲ ಎಂದೇ ಕೊರಗುತ್ತಾರೆ. ಇಂಥವರನ್ನು ನಂಬುವುದು ಕಣ್ಣುಮುಚ್ಚಿ ಆಗುವ ಕೆಲಸವಲ್ಲ, ದಿನವೂ ಪರೀಕ್ಷಿಸಿ ನಂಬಬೇಕಾಗುತ್ತದೆ. ಪರೀಕ್ಷಿಸಲು ಬಂದವರಿಗೆ ಅವರು ತಾವೇ ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಡುತ್ತಾರೆ ಎಂಬುದೇ ಅವರ ಕುಲದ ಗುರುತು.